ಒಂದೇ ಬೆರಳಿನ ವಾದಕ ಜೇಮ್ಸ್ ಜೇಮರ್ಸನ್

ಹಾಡು ಕೇಳುವಾಗ ನಾವೆಲ್ಲ ಮೊದಲು ಗಮನಿಸುವುದು ಹಾಡುವವರ ದನಿಯನ್ನು. ಆಮೇಲೆ ಸಾಹಿತ್ಯ, ಕೊಳಲು, ಪಿಟೀಲು, ಗಿಟಾರ್. ಇವೆಲ್ಲದರ ಕೆಳಗೆ ಮಂದ್ರ ಸ್ಥಾಯಿಯಲ್ಲಿ 'ದುಂ ದುಂ' ಎಂದು ನಡೆಯುವ ಇನ್ನೊಂದು ನಾದವಿರುತ್ತದೆ. ಅದು ಬೇಸ್ ಗಿಟಾರಿನ ನಾದ. ಅದು ಇರುವಷ್ಟು ಹೊತ್ತು ಯಾರ ಕಿವಿಯೂ ಅದರ ಕಡೆಗೆ ಹೋಗುವುದಿಲ್ಲ. ನಿಂತುಹೋದರೆ ಮಾತ್ರ ಹಾಡಿನಲ್ಲಿ ಏನೋ ಕಳೆದುಹೋಯಿತಲ್ಲ ಎಂದು ಎಲ್ಲರಿಗೂ ಅನ್ನಿಸುತ್ತದೆ. ಗೋಪುರ ನೋಡಿ ಕೈ ಮುಗಿಯುವ ನಾವು ಅಡಿಪಾಯದ ಕಲ್ಲನ್ನು ನೆನೆಯುವುದು ಅಪರೂಪ.

ಶಾಲೆಯ ವಾದ್ಯವೃಂದಕ್ಕೆ ಸೇರಬಯಸುವ ಮಕ್ಕಳು ಗಿಟಾರ್ ಬೇಕು, ಡ್ರಮ್ ಬೇಕು, ಕೀಬೋರ್ಡ್ ಬೇಕು ಎನ್ನುತ್ತಾರೆ. ಬೇಸ್ ಗಿಟಾರ್ ಬೇಕು ಎಂದು ತಾನಾಗಿ ಮುಂದೆ ಬರುವ ಮಗು ಕಡಿಮೆ. ನಾಲ್ಕೇ ತಂತಿಯ, ವೇದಿಕೆಯಲ್ಲಿ ಹಿಂದೆ ನಿಲ್ಲಬೇಕಾದ ವಾದ್ಯ ಯಾರಿಗೆ ಬೇಕು? ಆದರೆ ಆ ನಾಲ್ಕು ತಂತಿಗಳನ್ನು ಬಲಗೈಯ ಒಂದೇ ಬೆರಳಿನಿಂದ ಮೀಟಿ, ಜಗತ್ತಿನ ಜನಪ್ರಿಯ ಸಂಗೀತದ ನಡಿಗೆಯನ್ನೇ ಬದಲಾಯಿಸಿದವರೊಬ್ಬರು ಅಮೆರಿಕದಲ್ಲಿದ್ದರು. ಅವರ ಹೆಸರು ಜೇಮ್ಸ್ ಜೇಮರ್ಸನ್. ಅವರ ಬೇಸ್ ನಾದವನ್ನು ಕೋಟ್ಯಂತರ ಜನ ಕೇಳಿದ್ದಾರೆ. ಅವರ ಹೆಸರನ್ನು ಮಾತ್ರ ಬಹುಕಾಲ ಯಾರೂ ಕೇಳಿರಲಿಲ್ಲ.

ಬಾಲ್ಯ ಮತ್ತು ವಲಸೆ

ಜೇಮ್ಸ್ ಜೇಮರ್ಸನ್ ಹುಟ್ಟಿದ್ದು 1936ರ ಜನವರಿ 29ರಂದು, ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಎಡಿಸ್ಟೊ ದ್ವೀಪದಲ್ಲಿ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟ ಜನರ ವಂಶಸ್ಥರು ತಮ್ಮದೇ ಆದ ಮಾತು, ಹಾಡು, ಅಡುಗೆಗಳನ್ನು ಉಳಿಸಿಕೊಂಡು ಬಂದ ಕರಾವಳಿ ಅದು. ಜೇಮ್ಸ್‌ನ ಅಜ್ಜಿ ಪಿಯಾನೊ ನುಡಿಸುತ್ತಿದ್ದರು. ಅತ್ತೆಯೊಬ್ಬರು ಚರ್ಚಿನಲ್ಲಿ ಹಾಡುತ್ತಿದ್ದರು. ಹುಡುಗನಿಗೆ ಸಂಗೀತದ ಮೊದಲ ಪಾಠ ಮನೆಯಲ್ಲೇ ಆಯಿತು. ಅವನು ಪಿಯಾನೊ ಕಲಿತನು, ಸ್ವಲ್ಪ ಕಾಲ ಟ್ರೊಂಬೋನ್ ಎಂಬ ಊದುವ ವಾದ್ಯವನ್ನೂ ನುಡಿಸಿದನು.

ಅವನ ಬಾಲ್ಯದ ಬಗ್ಗೆ ಒಂದು ಸೊಗಸಾದ ಕಥೆ ಹೇಳುತ್ತಾರೆ. ಚಿಕ್ಕ ಹುಡುಗನಿದ್ದಾಗ ಕೋಲಿಗೆ ರಬ್ಬರಿನ ಎಳೆಯೊಂದನ್ನು ಕಟ್ಟಿ, ಕೋಲನ್ನು ಇರುವೆ ಗೂಡಿನಲ್ಲಿ ನೆಟ್ಟು, ಎಳೆಯನ್ನು ಮೀಟಿ ಇರುವೆಗಳನ್ನು ಕುಣಿಸಲು ನೋಡುತ್ತಿದ್ದನಂತೆ. ಮುಂದೆ ಅವನು ಕುಣಿಸಿದ್ದು ಇರುವೆಗಳನ್ನಲ್ಲ, ಇಡೀ ದೇಶವನ್ನು!

1954ರಲ್ಲಿ ಜೇಮ್ಸ್ ತಾಯಿಯೊಂದಿಗೆ ಉತ್ತರದ ಡೆಟ್ರಾಯಿಟ್ ನಗರಕ್ಕೆ ಬಂದನು. ಫೋರ್ಡ್, ಜನರಲ್ ಮೋಟರ್ಸ್, ಕ್ರೈಸ್ಲರ್ ಕಾರುಗಳ ಊರು ಅದು. ದಕ್ಷಿಣದ ಬಡತನ ಮತ್ತು ವರ್ಣಭೇದದಿಂದ ಬೇಸತ್ತ ಲಕ್ಷಾಂತರ ಕಪ್ಪು ಜನ ಆ ದಶಕಗಳಲ್ಲಿ ಕೆಲಸ ಹುಡುಕಿಕೊಂಡು ಇಂತಹ ಊರುಗಳಿಗೆ ವಲಸೆ ಬಂದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ತಮ್ಮ ಹಾಡನ್ನೂ ಗಂಟು ಕಟ್ಟಿಕೊಂಡು ಬರುತ್ತಾರೆ ಎಂಬುದು ಪರದೇಶದಲ್ಲಿರುವ ನಮಗೆ ಹೊಸ ವಿಷಯವೇನಲ್ಲ.

ಡೆಟ್ರಾಯಿಟ್‌ನ ನಾರ್ತ್‌ವೆಸ್ಟರ್ನ್ ಪ್ರೌಢಶಾಲೆಯಲ್ಲಿ ಜೇಮ್ಸ್ ಡಬಲ್ ಬೇಸ್ ಕೈಗೆತ್ತಿಕೊಂಡನು. ಪಿಟೀಲಿನ ಆಕಾರದ, ಆಳೆತ್ತರದ, ನೆಲಕ್ಕೆ ಊರಿ ನಿಂತು ನುಡಿಸುವ ವಾದ್ಯ ಅದು. ಶಾಲೆಯಲ್ಲಿ ಕಲಿತದ್ದನ್ನು ಸಂಜೆ ಜಾಝ್ ಮತ್ತು ಬ್ಲೂಸ್ ಸಂಗೀತದ ಕ್ಲಬ್ಬುಗಳಲ್ಲಿ ಪ್ರಯೋಗ ಮಾಡುತ್ತ ಬೆಳೆದನು. ರೇ ಬ್ರೌನ್, ಪಾಲ್ ಚೇಂಬರ್ಸ್, ಪರ್ಸಿ ಹೀತ್ ಎಂಬ ಆ ಕಾಲದ ಹೆಸರಾಂತ ಬೇಸ್ ವಾದಕರು ಅವನಿಗೆ ಮಾನಸ ಗುರುಗಳಾಗಿದ್ದರು.

ಹೊರಲಾಗದ ವಾದ್ಯ, ಕೇಳಿಸದ ವಾದ್ಯ

ಬೇಸ್ ವಾದಕರು ಎಲ್ಲಿಯೇ ಸೇರಲಿ, ಅವರ ಮಾತು ಎರಡು ವಿಷಯಗಳಿಗೆ ಬಂದು ನಿಲ್ಲುತ್ತದೆ. ಮೊದಲನೆಯದು, ಯಾರ ವಾದ್ಯ ಯಾವುದು, ಅದರ ತಂತಿ ಯಾವುದು, ಯಾವುದರ ನಾದ ಚೆನ್ನ ಎಂಬ ಹೋಲಿಕೆ. ಎರಡನೆಯದು, ಊರೂರು ತಿರುಗಿ ಕಾರ್ಯಕ್ರಮ ಕೊಡುವ ಬ್ಯಾಂಡಿನ ಗೋಳು: ಸಾಮಾನು ಹೊರುವ ಕಷ್ಟ, ರಾತ್ರಿಯ ನಿದ್ದೆಗೇಡು, ಕಡಿಮೆ ಹಣ, ಹೆಸರು ಬಾರದ ಬೇಸರ. ಜೇಮರ್ಸನ್ ಅವರ ಬಾಳಿನಲ್ಲಿ ಈ ಎರಡೂ ತುಂಬಿಕೊಂಡಿವೆ.

ಡಬಲ್ ಬೇಸ್ ವಾದಕರ ಗೋಳಿನಿಂದಲೇ ಬೇಸ್ ಗಿಟಾರ್ ಹುಟ್ಟಿತು ಎಂದರೂ ತಪ್ಪಿಲ್ಲ. ಆ ದೊಡ್ಡ ವಾದ್ಯವನ್ನು ಕಾರಿನಲ್ಲಿ ಇಡಲು ಜಾಗವಿರುತ್ತಿರಲಿಲ್ಲ. ಪ್ರಯಾಣದಲ್ಲಿ ಮರ ಬಿರುಕು ಬಿಡುತ್ತಿತ್ತು. ಇಷ್ಟೆಲ್ಲ ಕಷ್ಟಪಟ್ಟು ವೇದಿಕೆಗೆ ತಂದರೂ ಡ್ರಮ್ ಮತ್ತು ವಿದ್ಯುತ್ ಗಿಟಾರುಗಳ ಅಬ್ಬರದಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್ ಎಂಬುವರು ಇದಕ್ಕೆ ಉಪಾಯ ಹುಡುಕಿದರು. 1951ರಲ್ಲಿ ಅವರು ಗಟ್ಟಿ ಮರದ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ, ವಿದ್ಯುತ್ತಿನಿಂದ ದನಿ ಹೆಚ್ಚಿಸಿಕೊಳ್ಳುವ 'ಪ್ರಿಸಿಷನ್ ಬೇಸ್' ತಯಾರಿಸಿದರು. ಲಿಯೊ ಫೆಂಡರ್ ಅವರಿಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ.

'ಪ್ರಿಸಿಷನ್' ಎಂದರೆ ನಿಖರತೆ. ಈ ಹೆಸರಿಗೆ ಕಾರಣವಿದೆ. ನಮ್ಮ ಪಿಟೀಲಿನಂತೆ ಡಬಲ್ ಬೇಸಿಗೂ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆಯಷ್ಟು ಜಾರಿದರೂ ಸ್ವರ ತಪ್ಪುತ್ತದೆ. ವೀಣೆಗೆ ಇರುವಂತೆ ಮೆಟ್ಟಿಲುಗಳಿದ್ದರೆ ಸ್ವರ ನಿಖರವಾಗಿ ನಿಲ್ಲುತ್ತದೆ. ಹೊಸ ವಾದ್ಯಕ್ಕೆ ಫೆಂಡರ್ ಮೆಟ್ಟಿಲುಗಳನ್ನು ಕೊಟ್ಟರು. ಉದ್ದವಾದ, ದಪ್ಪವಾದ ತಂತಿ ನಿಧಾನವಾಗಿ ಕಂಪಿಸಿ ತಗ್ಗಿದ ಸ್ವರ ಕೊಡುತ್ತದೆ ಎಂದು ನೀವು ವಿಜ್ಞಾನದ ತರಗತಿಯಲ್ಲಿ ಓದಿದ್ದೀರಿ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಇದು ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿಗಿಂತ ಒಂದು ಪೂರ್ತಿ ಸ್ಥಾಯಿ ಕೆಳಗಿನ ಸ್ವರ.

ಡೆಟ್ರಾಯಿಟ್‌ನ ಪುಟ್ಟ ಮನೆ

1959ರಲ್ಲಿ ಬೆರಿ ಗಾರ್ಡಿ ಎಂಬ ಯುವಕ ಮನೆಯವರಿಂದ 800 ಡಾಲರ್ ಸಾಲ ಪಡೆದು ಡೆಟ್ರಾಯಿಟ್‌ನಲ್ಲಿ ಧ್ವನಿಮುದ್ರಣ ಕಂಪನಿಯೊಂದನ್ನು ಆರಂಭಿಸಿದರು. ಅದೇ ಮುಂದೆ ಜಗತ್ಪ್ರಸಿದ್ಧವಾದ ಮೋಟೌನ್. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಒಂದು ಸಾಮಾನ್ಯ ಮನೆಯೇ ಅದರ ಕಚೇರಿ, ಅಲ್ಲೇ ಅದರ ಸ್ಟುಡಿಯೊ. ಮೈಕಿನ ವೈರುಗಳು ಹಾವುಗಳಂತೆ ಹರಡಿಕೊಂಡಿದ್ದ ಆ ಇಕ್ಕಟ್ಟಾದ ಕೋಣೆಯನ್ನು ವಾದಕರು ತಮಾಷೆಯಾಗಿ ಹಾವಿನ ಗುಂಡಿ ಎಂದು ಕರೆಯುತ್ತಿದ್ದರು.

1959ರಿಂದಲೇ ಜೇಮರ್ಸನ್ ಅಲ್ಲಿ ನುಡಿಸತೊಡಗಿದರು. ಡ್ರಮ್ಮಿಗೆ ಬೆನ್ನಿ ಬೆಂಜಮಿನ್, ಕೀಬೋರ್ಡಿಗೆ ಅರ್ಲ್ ವ್ಯಾನ್ ಡೈಕ್, ಗಿಟಾರಿಗೆ ರಾಬರ್ಟ್ ವೈಟ್, ಎಡ್ಡಿ ವಿಲ್ಲಿಸ್, ಜೋ ಮೆಸ್ಸಿನಾ ಮೊದಲಾದವರು ಜೊತೆಗಿದ್ದರು. ಈ ವಾದಕರ ತಂಡಕ್ಕೆ 'ಫಂಕ್ ಬ್ರದರ್ಸ್' ಎಂದು ಹೆಸರು. ಹಾಡುವವರು ಬದಲಾಗುತ್ತಿದ್ದರು, ಈ ದಿನ ಟೆಂಪ್ಟೇಷನ್ಸ್, ನಾಳೆ ಸುಪ್ರೀಮ್ಸ್, ನಾಡಿದ್ದು ಸ್ಟೀವಿ ವಂಡರ್. ಹಿಂದೆ ನುಡಿಸುತ್ತಿದ್ದವರು ಮಾತ್ರ ಹೆಚ್ಚುಕಡಿಮೆ ಅವರೇ.

ಹಗಲು ಸ್ಟುಡಿಯೊ ಕೆಲಸ ಮುಗಿಸಿ ರಾತ್ರಿ ಕ್ಲಬ್ಬುಗಳಿಗೆ ಹೋಗಿ ತಮಗಿಷ್ಟವಾದ ಜಾಝ್ ನುಡಿಸುವುದು ಈ ವಾದಕರ ದಿನಚರಿಯಾಗಿತ್ತು. ಮೋಟೌನ್‌ಗೆ ತಿಳಿಯದಂತೆ ಬೇರೆ ಕಂಪನಿಗಳಿಗೂ ನುಡಿಸುತ್ತಿದ್ದರು. ಜಾಕಿ ವಿಲ್ಸನ್ ಅವರ 1967ರ 'ಹೈಯರ್ ಅಂಡ್ ಹೈಯರ್' ಹಾಡಿಗಾಗಿ ಜೇಮರ್ಸನ್ ಮತ್ತು ಗೆಳೆಯರು ಡೆಟ್ರಾಯಿಟ್‌ನಿಂದ ಶಿಕಾಗೊವರೆಗೆ ಹೋಗಿಬಂದರು. ಆರಂಭದಲ್ಲಿ ಸಿಗುತ್ತಿದ್ದ ಸಂಭಾವನೆ ತೀರ ಕಡಿಮೆ. ಮುಂದೆ ಕಂಪನಿ ಬೆಳೆದಂತೆ ಅವರಿಗೆ ಒಳ್ಳೆಯ ವಾರದ ಸಂಬಳವೇನೋ ಸಿಕ್ಕಿತು, ಸಂಸಾರ ಅನುಕೂಲವಾಗಿ ನಡೆಯಿತು. ಆದರೆ ಗ್ರಾಮಫೋನ್ ತಟ್ಟೆಯ ಹೊದಿಕೆಯ ಮೇಲೆ ವಾದಕರ ಹೆಸರು ಇರುತ್ತಿರಲಿಲ್ಲ. ನಮ್ಮ ಚಿತ್ರಗೀತೆಗಳ ಹಳೆಯ ಕ್ಯಾಸೆಟ್ಟುಗಳ ಮೇಲೂ ಹಾಡಿದವರು, ಬರೆದವರು, ಸಂಗೀತ ನಿರ್ದೇಶಕರು ಇವರ ಹೆಸರಿರುತ್ತಿತ್ತೇ ಹೊರತು ತಬಲ, ಕೊಳಲು ನುಡಿಸಿದವರ ಹೆಸರು ಸಿಗುವುದು ಅಪರೂಪವಾಗಿತ್ತು. ಅಲ್ಲಿಯೂ ಹಾಗೆಯೇ.

ಫಂಕ್ ಮೆಷಿನ್

ಆರಂಭದ ಹಾಡುಗಳಿಗೆ ಜೇಮರ್ಸನ್ ತಮ್ಮ ಡಬಲ್ ಬೇಸ್ ಬಳಸಿದರು. 1964ರಲ್ಲಿ ಮೇರಿ ವೆಲ್ಸ್ ಹಾಡಿದ 'ಮೈ ಗೈ' ಗೀತೆಯಲ್ಲಿ ಆ ಮರದ ಮೆದು ನಾದ ಕೇಳಬಹುದು. 1960ರ ದಶಕದ ಆರಂಭದಲ್ಲೇ ಅವರು ವಿದ್ಯುತ್ ಬೇಸ್ ಗಿಟಾರನ್ನೂ ಹಿಡಿದರು. ಅವರ ಮೊದಲ ವಿದ್ಯುತ್ ಬೇಸ್ 1957ರ ಒಂದು ಪ್ರಿಸಿಷನ್. ಕಪ್ಪು ಬಣ್ಣ ಬಳಿದಿದ್ದ ಅದಕ್ಕೆ 'ಬ್ಲ್ಯಾಕ್ ಬ್ಯೂಟಿ' ಎಂದು ಹೆಸರಿತ್ತು. ಅದು ಕಳ್ಳತನವಾಯಿತು. ಆಮೇಲೆ ಅವರ ಕೈಗೆ ಬಂದು, ಬಹುಪಾಲು ಪ್ರಸಿದ್ಧ ಹಾಡುಗಳಿಗೆ ದನಿಯಾದದ್ದು 1962ರ ಪ್ರಿಸಿಷನ್ ಬೇಸ್. ಅದರ ಹೆಸರು 'ಫಂಕ್ ಮೆಷಿನ್'. ಅದರ ಕತ್ತಿನ ಬುಡದಲ್ಲಿ 'ಫಂಕ್' ಎಂಬ ಪದವನ್ನು ಅವರು ಕೆತ್ತಿದ್ದರು.

ಬೇರೆ ವಾದಕರು ಈ ವಾದ್ಯವನ್ನು ತಮ್ಮದರೊಂದಿಗೆ ಹೋಲಿಸಿ ಬೆರಗಾಗುತ್ತಿದ್ದರು. ಅದರಲ್ಲಿ ದುಬಾರಿ ಎನ್ನುವಂಥದ್ದು ಏನೂ ಇರಲಿಲ್ಲ, ಅಂಗಡಿಯಲ್ಲಿ ಯಾರಿಗೂ ಸಿಗುವಂಥ ಗಿಟಾರ್ ಅದು. ತಂತಿಗಳು ಮಾತ್ರ ಬಹಳ ದಪ್ಪ, ನುಣುಪಾದ ಸುತ್ತಿನವು. ತಂತಿಗೂ ಮೆಟ್ಟಿಲಿಗೂ ನಡುವೆ ಹೆಚ್ಚು ಅಂತರ. ಬೇರೆಯವರು ಹಿಡಿದರೆ ಒತ್ತುವುದಕ್ಕೇ ಕಷ್ಟ. ಡಬಲ್ ಬೇಸ್ ನುಡಿಸಿ ಗಟ್ಟಿಯಾಗಿದ್ದ ಜೇಮರ್ಸನ್ ಅವರ ಕೈಗೆ ಅದು ಲೆಕ್ಕಕ್ಕಿರಲಿಲ್ಲ. ತಂತಿಗಳ ಕೊನೆಯಲ್ಲಿ, ಲೋಹದ ಮುಚ್ಚಳದ ಕೆಳಗೆ ಸ್ಪಂಜಿನ ತುಂಡೊಂದು ಇತ್ತು. ಅದರಿಂದ ಸ್ವರ ಉದ್ದಕ್ಕೆ ಎಳೆಯದೆ, ತಟ್ಟಿದಂತೆ ಚುಟುಕಾಗಿ ಕೇಳುತ್ತಿತ್ತು. ತಂತಿ ತುಂಡಾದರೆ ಮಾತ್ರ ಅವರು ಬದಲಾಯಿಸುತ್ತಿದ್ದರು. ತಂತಿಗೆ ಹತ್ತಿದ ಕೊಳೆಯಲ್ಲೇ ನಾದದ ರುಚಿ ಇದೆ ಎಂಬುದು ಅವರ ನಂಬಿಕೆ. ಅಜ್ಜಿಯ ಹಳೆಯ ಮಣ್ಣಿನ ಗಡಿಗೆಯ ಸಾರಿಗೆ ಬೇರೆಯೇ ರುಚಿ ಇದ್ದಂತೆ!

ಎಲ್ಲಕ್ಕಿಂತ ವಿಚಿತ್ರವಾದದ್ದು ಅವರ ಬಲಗೈ. ಹೆಚ್ಚಿನ ಬೇಸ್ ವಾದಕರು ಎರಡು ಬೆರಳುಗಳನ್ನು ಒಂದಾದ ಮೇಲೊಂದರಂತೆ ಬಳಸಿ ಮೀಟುತ್ತಾರೆ. ಜೇಮರ್ಸನ್ ಬಳಸಿದ್ದು ತೋರುಬೆರಳೊಂದನ್ನೇ. ಗೆಳೆಯರು ಅದಕ್ಕೆ ಕೊಕ್ಕೆ ಎಂದು ಅಡ್ಡಹೆಸರಿಟ್ಟಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಕುಣಿಯಬಲ್ಲವರಿಗೆ ಎಂತಹ ನೆಲವಾದರೂ ಸಾಕು ಎನ್ನಲು ಜೇಮರ್ಸನ್ ಅವರಿಗಿಂತ ಬೇರೆ ಉದಾಹರಣೆ ಬೇಡ.

ಏನು ಹೊಸತು?

ಅವರಿಗಿಂತ ಮೊದಲು ಜನಪ್ರಿಯ ಹಾಡುಗಳಲ್ಲಿ ಬೇಸಿನ ಕೆಲಸ ಬಹುಮಟ್ಟಿಗೆ ತಾಳ ಹಾಕುವಷ್ಟೇ ಸರಳವಾಗಿತ್ತು. ಒಂದೆರಡು ಸ್ವರಗಳನ್ನು ಮತ್ತೆ ಮತ್ತೆ ನುಡಿಸಿದರೆ ಮುಗಿಯಿತು. ಜೇಮರ್ಸನ್ ಜಾಝ್ ಕಲಿತವರು. ಅವರು ಬೇಸಿಗೆ ತನ್ನದೇ ಆದ ಒಂದು ರಾಗದ ನಡೆಯನ್ನು ಕೊಟ್ಟರು. ಗಾಯಕರು ಉಸಿರು ತೆಗೆದುಕೊಳ್ಳುವಲ್ಲಿ ಬೇಸ್ ಮಾತಾಡುತ್ತದೆ. ಗಾಯಕರು ಹಾಡುವಲ್ಲಿ ಅದು ಸರಿದು ದಾರಿ ಬಿಡುತ್ತದೆ. ಕಛೇರಿಯಲ್ಲಿ ಒಳ್ಳೆಯ ಮೃದಂಗ ವಾದಕರು ಹಾಡುವವರ ಮನಸ್ಸನ್ನು ಅರಿತು ನುಡಿಸುತ್ತಾರಲ್ಲವೇ, ಹಾಗೆ. ಹಲವು ಸಲ ಅವರ ಕೈಗೆ ಸಿಗುತ್ತಿದ್ದದ್ದು ಹಾಡಿನ ಕಾರ್ಡುಗಳನ್ನು ಬರೆದ ಒಂದು ಹಾಳೆ ಮಾತ್ರ. ಉಳಿದದ್ದೆಲ್ಲ ಅವರೇ ಆ ಗಳಿಗೆಯಲ್ಲಿ ಕಟ್ಟಿದ್ದು.

ಕೆಲವು ಹಾಡುಗಳನ್ನು ಹೆಸರಿಸುತ್ತೇವೆ. 1964ರ 'ಮೈ ಗರ್ಲ್' ಶುರುವಾಗುವುದೇ ಒಂಟಿ ಬೇಸಿನಿಂದ, ಎದೆಬಡಿತದ ಹಾಗೆ. ಆಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಏರುತ್ತ ಬರುತ್ತದೆ. 1967ರ 'ಬರ್ನಾಡೆಟ್' ಮತ್ತು 'ಐ ವಾಸ್ ಮೇಡ್ ಟು ಲವ್ ಹರ್' ಹಾಡುಗಳಲ್ಲಿ ಬೇಸ್ ಚಿಗರೆಯಂತೆ ಜಿಗಿಯುತ್ತದೆ. 1968ರ ಸ್ಟೀವಿ ವಂಡರ್ ಹಾಡು 'ಫಾರ್ ಒನ್ಸ್ ಇನ್ ಮೈ ಲೈಫ್' ಪೂರ್ತಿ ಕೇಳಿದರೂ ಬೇಸ್ ನಡೆದ ದಾರಿಯಲ್ಲೇ ಮತ್ತೆ ನಡೆಯುವುದು ಕಡಿಮೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ತಮ್ಮ ಬೇಸ್ ವಾದನದ ಮೇಲೆ ಜೇಮರ್ಸನ್ ಪ್ರಭಾವವಿದೆ ಎಂದು ಒಪ್ಪಿಕೊಂಡಿದ್ದಾರೆ. ಇಂಗ್ಲೆಂಡಿನ ಹುಡುಗರು ರೇಡಿಯೊದಲ್ಲಿ ಆ ನಾದ ಕೇಳಿ ಕಲಿಯುತ್ತಿದ್ದಾಗ ಅದನ್ನು ನುಡಿಸುವವರು ಯಾರೆಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ.

1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಿತು. ಇದರ ಧ್ವನಿಮುದ್ರಣಕ್ಕೆ ಮಾರ್ವಿನ್ ಗೇ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಜೇಮರ್ಸನ್ ಅವರನ್ನು ಹುಡುಕಿ ಕರೆತಂದರೆಂದೂ, ಕುಡಿದಿದ್ದ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗದೆ ನೆಲದ ಮೇಲೆ ಮಲಗಿಕೊಂಡೇ ನುಡಿಸಿದರೆಂದೂ ಹೇಳುತ್ತಾರೆ. ಈ ಕಥೆಯನ್ನು ಅವರ ಪ್ರತಿಭೆಗೆ ಸಾಕ್ಷಿಯಾಗಿ ಹೇಳುವವರಿದ್ದಾರೆ. ನಾವು ಅದರಲ್ಲಿ ಅವರ ದುಃಖವನ್ನೂ ನೋಡುತ್ತೇವೆ. ಈ ಆಲ್ಬಮ್ಮಿನ ಹೊದಿಕೆಯ ಮೇಲೆ ಮಾತ್ರ ವಾದಕರ ಹೆಸರುಗಳು ಅಚ್ಚಾದವು. ಜೇಮರ್ಸನ್ ಹೆಸರು ಮೆಚ್ಚುಗೆಯ ಮಾತಿನೊಂದಿಗೆ ಬಂದಿತು. ಮೋಟೌನ್‌ನಲ್ಲಿ ಅವರ ಹನ್ನೆರಡು ವರ್ಷಗಳ ದುಡಿಮೆ ಆಗ ಮುಗಿದಿತ್ತು.

ಹಿತ್ತಲ ಗಿಡ

1972ರಲ್ಲಿ ಮೋಟೌನ್ ತನ್ನ ಕೇಂದ್ರವನ್ನು ದೂರದ ಲಾಸ್ ಏಂಜಲಿಸ್‌ಗೆ ಸಾಗಿಸಿತು. ಡೆಟ್ರಾಯಿಟ್‌ನ ಹಳೆಯ ತಂಡ ಒಡೆದುಹೋಯಿತು. ಹಿತ್ತಲ ಗಿಡ ಮದ್ದಲ್ಲ ಎಂಬಂತಾಯಿತು ಅವರ ಸ್ಥಿತಿ. 1973ರಲ್ಲಿ ಜೇಮರ್ಸನ್ ಕೆಲಸದ ಬೆನ್ನು ಹತ್ತಿ ತಾವೂ ಲಾಸ್ ಏಂಜಲಿಸ್ ಸೇರಿದರು. ಅದೇ ವರ್ಷ ಮೋಟೌನ್ ಜೊತೆಗಿನ ಅವರ ನಂಟು ಕಡಿಯಿತು.

ಹೊಸ ಊರಿನಲ್ಲಿ ಅವರು ಸೋತೇಬಿಟ್ಟರು ಎನ್ನುವಂತಿಲ್ಲ. 1974ರ 'ರಾಕ್ ದ ಬೋಟ್', 1976ರಲ್ಲಿ ಮೊದಲ ಸ್ಥಾನಕ್ಕೇರಿದ 'ಬೂಗಿ ಫೀವರ್' ಹಾಡುಗಳಲ್ಲಿ ಅವರದೇ ಬೇಸ್ ಇದೆ. ಆದರೆ ಕಾಲ ಬದಲಾಗುತ್ತಿತ್ತು. ಹೊಳಪಾದ ನಾದ ಕೊಡುವ ಒರಟು ಸುತ್ತಿನ ತಂತಿಗಳು, ಹೆಬ್ಬೆರಳಿನಿಂದ ಬಡಿದು ನುಡಿಸುವ ಹೊಸ ಶೈಲಿ, ಹೊಸ ಯಂತ್ರಗಳು ಬಂದವು. ಜೇಮರ್ಸನ್ ತಮ್ಮ ಹಳೆಯ ತಂತಿ, ಹಳೆಯ ಗಿಟಾರನ್ನು ಬಿಡಲಿಲ್ಲ. ಅವರನ್ನು ದೊಡ್ಡವರನ್ನಾಗಿ ಮಾಡಿದ ಹಠವೇ ಈಗ ಅವರಿಗೆ ಅಡ್ಡವಾಯಿತು. ಜೊತೆಗೆ ಬಹಳ ವರ್ಷಗಳಿಂದ ಅಂಟಿಕೊಂಡಿದ್ದ ಕುಡಿತ ದೇಹವನ್ನೂ, ಜನ ಇಟ್ಟಿದ್ದ ನಂಬಿಕೆಯನ್ನೂ ತಿಂದುಹಾಕಿತು. ಕರೆಗಳು ಕಡಿಮೆಯಾದವು, ಆಮೇಲೆ ಬಹುತೇಕ ನಿಂತೇಹೋದವು. ಕುಡಿತವನ್ನು ಇಲ್ಲಿ ಮುಚ್ಚಿಡಲು ನಾವು ಬಯಸುವುದಿಲ್ಲ. ಪ್ರತಿಭೆ ಯಾರನ್ನೂ ಅದರಿಂದ ಕಾಪಾಡುವುದಿಲ್ಲ ಎಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು.

1983ರ ಮಾರ್ಚ್ 25ರಂದು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಮೋಟೌನ್ ಕಂಪನಿಯ 25ನೆಯ ವರ್ಷದ ಸಂಭ್ರಮ ನಡೆಯಿತು. ಮೈಕೆಲ್ ಜಾಕ್ಸನ್ ತಮ್ಮ 'ಮೂನ್‌ವಾಕ್' ಹೆಜ್ಜೆಯನ್ನು ಟಿ.ವಿ. ಪ್ರೇಕ್ಷಕರಿಗೆ ಮೊದಲು ತೋರಿಸಿದ್ದು ಇದೇ ಕಾರ್ಯಕ್ರಮದಲ್ಲಿ. ಅಲ್ಲಿ ಹಾಡಿದ ಎಷ್ಟೋ ಹಾಡುಗಳಿಗೆ ಅಡಿಪಾಯ ಹಾಕಿದ ಜೇಮರ್ಸನ್ ಅವರಿಗೆ ವೇದಿಕೆಯ ಮೇಲೆ ಜಾಗವಿರಲಿಲ್ಲ. ಅವರು ಸ್ವಂತ ಹಣದಿಂದ ಟಿಕೆಟ್ ಕೊಂಡು, ಬಾಲ್ಕನಿಯಲ್ಲಿ ಕುಳಿತು, ತಾವು ಕಟ್ಟಿದ ಸ್ವರಗಳನ್ನು ಬೇರೆಯವರು ನುಡಿಸುವುದನ್ನು ಕೇಳಿದರು ಎಂದು ಅವರ ಬಗ್ಗೆ ಬರೆದವರು ದಾಖಲಿಸಿದ್ದಾರೆ.

ಅದೇ ವರ್ಷ ಆಗಸ್ಟ್ 2ರಂದು ಲಾಸ್ ಏಂಜಲಿಸ್‌ನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 47 ವರ್ಷ. ಅದಕ್ಕೆ ಸ್ವಲ್ಪ ಮೊದಲು 'ಫಂಕ್ ಮೆಷಿನ್' ಕೂಡ ಕಳ್ಳರ ಪಾಲಾಗಿತ್ತು. ಅವರನ್ನು ಡೆಟ್ರಾಯಿಟ್‌ನ ವುಡ್‌ಲಾನ್ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಅವರ ಮಗ ಜೇಮ್ಸ್ ಜೇಮರ್ಸನ್ ಜೂನಿಯರ್ ಕೂಡ ಬೇಸ್ ವಾದಕರಾಗಿ ಹೆಸರು ಮಾಡಿದರು.

ತಡವಾಗಿ ಬಂದ ಹೆಸರು

1989ರಲ್ಲಿ ಅಲನ್ ಸ್ಲಟ್‌ಸ್ಕಿ ಎಂಬ ಗಿಟಾರ್ ವಾದಕರು 'ಸ್ಟ್ಯಾಂಡಿಂಗ್ ಇನ್ ದ ಶ್ಯಾಡೋಸ್ ಆಫ್ ಮೋಟೌನ್' ಎಂಬ ಪುಸ್ತಕದಲ್ಲಿ ಜೇಮರ್ಸನ್ ಅವರ ಜೀವನವನ್ನೂ, ಅವರ ಬೇಸ್ ನಡೆಗಳ ಸ್ವರಲಿಪಿಯನ್ನೂ ಕೊಟ್ಟರು. ನೆರಳಿನಲ್ಲಿ ನಿಂತವರು ಎಂಬುದು ಆ ಹೆಸರಿನ ಭಾವ. 2002ರಲ್ಲಿ ಅದೇ ಹೆಸರಿನ ಸಾಕ್ಷ್ಯಚಿತ್ರ ಬಂದಿತು. ಬದುಕುಳಿದಿದ್ದ ಫಂಕ್ ಬ್ರದರ್ಸ್ ಅದರಲ್ಲಿ ಮತ್ತೆ ಒಟ್ಟಾಗಿ ನುಡಿಸಿದರು. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಪಕ್ಕವಾದ್ಯದವರನ್ನು ಗೌರವಿಸುವ ಹೊಸ ವಿಭಾಗವನ್ನು ತೆರೆದಾಗ ಮೊದಲ ಐವರಲ್ಲಿ ಜೇಮರ್ಸನ್ ಒಬ್ಬರಾಗಿದ್ದರು. 2004ರಲ್ಲಿ ಫಂಕ್ ಬ್ರದರ್ಸ್ ತಂಡಕ್ಕೆ ಗ್ರ್ಯಾಮಿ ಜೀವಮಾನ ಸಾಧನೆ ಪ್ರಶಸ್ತಿ ಸಂದಿತು. ಇವೆಲ್ಲ ಸಂತೋಷದ ಸುದ್ದಿಗಳೇ. ಆದರೆ ಯಾವುದೂ ಅವರ ಕಿವಿಗೆ ಬೀಳಲಿಲ್ಲ.

ಜೇಮರ್ಸನ್ ಅವರ ಬದುಕಿನಿಂದ ನಾವು ಕಲಿಯುವುದು ಎರಡು ಮಾತು. ವಿದ್ಯಾರ್ಥಿಗಳಿಗೆ: ನಿಮ್ಮ ಪಾಲಿಗೆ ಬಂದ ವಾದ್ಯ ಚಿಕ್ಕದು, ಪಾತ್ರ ಚಿಕ್ಕದು ಎಂದು ಕೊರಗಬೇಡಿ. ಹಿಂದಿನ ಸಾಲಿನಲ್ಲಿ ನಿಂತು, ನಾಲ್ಕು ತಂತಿಯನ್ನು ಒಂದು ಬೆರಳಿನಿಂದ ಮೀಟಿಯೂ ಹಾಡಿನ ಪ್ರಾಣವಾಗಬಹುದು. ಪಾಲಕರಿಗೆ ಮತ್ತು ಶಿಕ್ಷಕರಾದ ನಮಗೆ: ದುಡಿದವರ ಹೆಸರನ್ನು ಅವರು ಬದುಕಿರುವಾಗಲೇ ಹೇಳೋಣ. ವಾರ್ಷಿಕೋತ್ಸವದಲ್ಲಿ ನೃತ್ಯ ಮಾಡಿದ ಮಗುವಿಗೆ ಚಪ್ಪಾಳೆ ತಾನಾಗಿ ಸಿಗುತ್ತದೆ. ಪರದೆ ಎಳೆದ ಮಗು, ದೀಪ ನೋಡಿಕೊಂಡ ಮಗು, ಹಿಂದೆ ನಿಂತು ತಾಳ ಹಾಕಿದ ಮಗು ಇವರ ಹೆಸರನ್ನು ನಾವೇ ನೆನಪಿಟ್ಟು ಹೇಳಬೇಕು.

ಈ ರಜೆಯಲ್ಲಿ ಮನೆಯವರೆಲ್ಲ ಕೂಡಿ 'ಮೈ ಗರ್ಲ್' ಹಾಡನ್ನು ಒಮ್ಮೆ ಕೇಳಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಡ, ಅದರಲ್ಲಿ ತಗ್ಗು ಸ್ವರ ಸರಿಯಾಗಿ ಕೇಳುವುದಿಲ್ಲ, ಹೆಡ್‌ಫೋನ್ ಹಾಕಿಕೊಳ್ಳಿ. ಹಾಡುವವರು ಬಾಯಿ ತೆರೆಯುವ ಮೊದಲೇ, ಎಲ್ಲಕ್ಕಿಂತ ಮುಂಚೆ ಕೇಳುವ ಆ ಕೆಲವು ಸ್ವರಗಳು ಜೇಮ್ಸ್ ಜೇಮರ್ಸನ್ ಅವರವು.